ಮುಂದೆ ರಸ್ತೆ ಇಲ್ಲ

ನೇರಳೆಗುತ್ತಿಯ ಕೂಸಪ್ಪನವರ ದನಿ ಎಷ್ಟು ಮೆಲ್ಲಗಿತ್ತೆಂದರೆ, ಅವರು ಬಸ್ಸಿನಲ್ಲಿ ‘ಸ್ಟಾಪ್’ ಎಂದರೆ ಬಸ್ಸು ಮುಂದಿನ ಊರಿನಲ್ಲಿ ನಿಲ್ಲುತ್ತಿತ್ತು. ಅದೂ ಬೇರೆ ಯಾರೋ ಕೂಗಿದ್ದರಿಂದ. ಮದುವೆಯ ದಿನ ಪುರೋಹಿತರು ಹೇಳಿಕೊಟ್ಟದ್ದನ್ನೆಲ್ಲ ಅವರು ತಿರುಗಿ ಹೇಳಿದರು ಎಂದು ನಂಬಲಾಗಿದೆ. ಕೇಳಿಸಿಕೊಂಡವರು ಯಾರೂ ಇಲ್ಲ. “ಆವತ್ತು ಇವರು ಏನೇನು ಒಪ್ಕೊಂಡ್ರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ” ಎಂದು ಅವರ ಹೆಂಡತಿ ಮುತ್ತಿಯವರು ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು.

ಇಂಥವರಿಗೆ ಒದಗಿದ ಉದ್ಯೋಗ ಸರಿಯಾಗಿಯೇ ಇತ್ತು. ಸೋಮವಾರಪೇಟೆಯ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದರು. ರೈಟರ್ ಎಂದರೆ ಅಲ್ಲಿ ಗುಮಾಸ್ತ. ಆಳುಗಳ ಹಾಜರಿ, ಪಿಕ್ಕಿಂಗಿನ ತೂಕ, ಗೊಬ್ಬರದ ಮೂಟೆ ಎಲ್ಲವನ್ನೂ ಬರೆದಿಡುವವನು. ಮಾತಾಡುವ ಅಗತ್ಯ ಬೀಳಲಿಲ್ಲ. ನಿವೃತ್ತರಾದ ಮೇಲೆ ಒಂದೂವರೆ ಎಕರೆ ತೋಟದಲ್ಲಿ ಪುಟ್ಟ ಮನೆ ಕಟ್ಟಿಕೊಂಡು, ಮುಂದೆ ಕಾಫಿ ಒಣಗಿಸಲು ಸಿಮೆಂಟಿನ ಕಣ ಮಾಡಿಸಿ, ಇನ್ನು ಸುಖವಾಗಿರೋಣ ಎಂದು ಕುಳಿತರು. ಆಗ ಬೆಂಗಳೂರಿನ ಕಾರುಗಳು ಬರತೊಡಗಿದವು.

ತಪ್ಪು ಕಾರುಗಳದ್ದಲ್ಲ, ಭೂಗೋಳದ್ದು. ಸೋಮವಾರಪೇಟೆಯಿಂದ ಬರುವ ಡಾಂಬರು ರಸ್ತೆ ನೇರಳೆಗುತ್ತಿಯಲ್ಲಿ ತಟಕ್ಕನೆ ಎಡಕ್ಕೆ ತಿರುಗಿ, ನಾಲ್ಕು ಕಿಲೋಮೀಟರು ಆಚೆಗಿನ ಹರಗದ್ದೆ ಎಂಬ ಊರಿಗೆ, ಅದರಾಚೆಯ ಜಲಪಾತಕ್ಕೆ ಹೋಗುತ್ತಿತ್ತು. ಕೂಸಪ್ಪನವರ ಮನೆಯ ದಾರಿ ಅದೇ ತಿರುವಿನಿಂದ ನೆಟ್ಟಗೆ ಮುಂದಕ್ಕೆ ಹೋಗುತ್ತಿತ್ತು. ಎಡಗಡೆಯ ಸರ್ಕಾರಿ ರಸ್ತೆ ತುಂಬ ಗುಂಡಿ. ನೇರ ಹೋಗುವ ಖಾಸಗಿ ದಾರಿಗೆ ಕೂಸಪ್ಪನವರೇ ಜಲ್ಲಿ ಹಾಕಿಸಿ ಸಮ ಮಾಡಿಸಿದ್ದರು. ಬುದ್ಧಿ ಇದ್ದವರು ಯಾವ ಕಡೆ ಹೋಗುತ್ತಾರೆ? ಶನಿವಾರ, ಭಾನುವಾರ ಹತ್ತು ಹನ್ನೆರಡು ಕಾರುಗಳು ಸೀದಾ ಅಂಗಳಕ್ಕೆ ಬಂದು, ಹರಡಿದ ಕಾಫಿಯ ಮೇಲೆ ಸುತ್ತು ಹೊಡೆದು, “ಅಂಕಲ್, ಫಾಲ್ಸ್ ಎಲ್ಲಿ?” ಎಂದು ಕೇಳಿ ಹಿಂದಿರುಗುತ್ತಿದ್ದವು. ಒಂದು ಕುಟುಂಬವಂತೂ ಜಗಲಿಯಲ್ಲಿ ಕುಳಿತು ಬುತ್ತಿ ಬಿಚ್ಚಿ, ಮುತ್ತಿಯವರ ಹತ್ತಿರ ಉಪ್ಪಿನಕಾಯಿ ಇಸಿದುಕೊಂಡು ಊಟ ಮಾಡಿತು. ಉಪ್ಪಿನಕಾಯಿಗೆ ಉಪ್ಪು ಜಾಸ್ತಿಯಾಗಿದೆ ಎಂದೂ ಹೇಳಿ ಹೋಯಿತು.

ಕೂಸಪ್ಪನವರು ತಮಗೆ ಗೊತ್ತಿದ್ದ ರೀತಿಯಲ್ಲಿ ಪ್ರತಿಭಟಿಸಿದರು. ಒಂದು ತಗಡಿನ ಮೇಲೆ ಲೆಡ್ಜರಿನ ದುಂಡಕ್ಷರದಲ್ಲಿ ಬರೆದು ನೇತುಹಾಕಿದರು: ‘ಮಾನ್ಯರೇ, ದಯವಿಟ್ಟು ಗಮನಿಸಿ. ಇದು ಖಾಸಗಿ ದಾರಿಯಾಗಿದ್ದು, ಮುಂದೆ ನಮ್ಮ ಮನೆಯನ್ನು ಬಿಟ್ಟರೆ ನೋಡತಕ್ಕಂಥದ್ದು ಏನೂ ಇರುವುದಿಲ್ಲ. ತಮಗಾಗುವ ಅನಾನುಕೂಲಕ್ಕೆ ವಿಷಾದಿಸುತ್ತೇನೆ. ಇತಿ ತಮ್ಮ ವಿಶ್ವಾಸಿ, ಕೂಸಪ್ಪ.’ ಇದನ್ನು ಓದಬೇಕಾದರೆ ಕಾರು ನಿಲ್ಲಿಸಿ, ಇಳಿದು, ಕನ್ನಡಕ ಹಾಕಿಕೊಳ್ಳಬೇಕಿತ್ತು. ಹಾಗೆ ಓದಿದವರು ಒಬ್ಬರೇ. ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರು. ಅವರು ಅಕ್ಷರವನ್ನು ಮನಸಾರೆ ಹೊಗಳಿ, ಬರೆದವರನ್ನು ನೋಡಲೇಬೇಕೆಂದು ಅಂಗಳಕ್ಕೆ ಕಾರು ತಂದರು.

“ಆ ತಗಡು ನಿಮ್ಮ ಹಾಗೇ ಮಾತಾಡ್ತದೆ” ಎಂದರು ಮುತ್ತಿ. “ಪೇಟೆಗೆ ಹೋಗಿ ಒಂದು ಸರಿಯಾದ ಬೋರ್ಡ್ ಮಾಡಿಸ್ಕೊಂಡು ಬನ್ನಿ.”

ಸೋಮವಾರಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಫ್ಲೆಕ್ಸ್ ಅಂಗಡಿ. ಕಂಪ್ಯೂಟರಿನ ಮುಂದೆ ಶೋಭಿತಾ ಎಂಬ ಹುಡುಗಿ ಕುಳಿತಿದ್ದಳು. ಮದುವೆ, ಗೃಹಪ್ರವೇಶ, ಶ್ರದ್ಧಾಂಜಲಿ, ಚುನಾವಣೆ ಎಲ್ಲಕ್ಕೂ ಅಕ್ಷರ ಜೋಡಿಸುವವಳು ಅವಳೇ. ಕೂಸಪ್ಪನವರು ತಮ್ಮ ಒಕ್ಕಣೆಯ ಚೀಟಿ ಕೊಟ್ಟರು. ಅವಳು ಓದಿ ಮುಗಿಸುವಷ್ಟರಲ್ಲಿ ಒಂದು ಟೀ ತರಿಸಬೇಕಾಯಿತು.

“ಅಂಕಲ್, ಇದು ಬೋರ್ಡೋ, ಲಗ್ನಪತ್ರಿಕೆಯೋ?”

“ಸ್ವಲ್ಪ ಮರ್ಯಾದೆಯಿಂದ ಇರ್ಲಿ ಅಂತ...”

“ಏನಂದ್ರಿ?”

“ಮರ್ಯಾದೆ.”

“ಮರ್ಯಾದೆಗೆ ಬೇರೆ ಫಾಂಟ್ ಇದೆ. ಅದನ್ನ ಯಾರೂ ಓದಲ್ಲ. ನಿಮಗೆ ನಾನು ಒಂದು ತೋರಿಸ್ತೀನಿ ನೋಡಿ.”

ಅವಳು ಒಂದು ಕೀಲಿ ಒತ್ತಿದಳು. ಪರದೆಯ ಮೇಲೆ ಎದ್ದು ನಿಂತ ಅಕ್ಷರಗಳನ್ನು ನೋಡಿ ಕೂಸಪ್ಪನವರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದರು. ಅಂಥ ಅಕ್ಷರಗಳನ್ನು ಅವರು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಒಂದೊಂದೂ ಸಿಲ್ವರ್ ಮರದ ಹಾಗೆ ಎತ್ತರ. ಅಗಲದಲ್ಲಿ ಮಾತ್ರ ಜಿಪುಣತನ. ಬಳುಕಿಲ್ಲ, ಬಾಲವಿಲ್ಲ, ಕುಸುರಿ ಇಲ್ಲ. ತಲೆಕಟ್ಟು ತೊಲೆ ಇಟ್ಟಂತೆ ನೇರ. ಒತ್ತಕ್ಷರಗಳು ಕೆಳಗೆ ನೇತಾಡದೆ, ಬೈಸಿಕೊಂಡವರ ಹಾಗೆ ಮೇಲಿನ ಅಕ್ಷರದ ಪಾದಕ್ಕೆ ಅಂಟಿಕೊಂಡಿದ್ದವು. ಎಲ್ಲವೂ ಭುಜಕ್ಕೆ ಭುಜ ಒತ್ತಿ, ಕಪ್ಪಗೆ ದಪ್ಪಗೆ ನಿಂತು, ‘ಏನೀಗ?’ ಎಂದು ಕೇಳುವಂತಿದ್ದವು.

“ಬೋಲ್ಡ್ ಕಂಡೆನ್ಸ್ಡ್” ಎಂದಳು ಶೋಭಿತಾ. “ಡಿಸ್‌ಪ್ಲೇಗೆ ಅಂತಾನೇ ಮಾಡಿರೋದು. ಜಾಗ ಕಮ್ಮಿ ತಿನ್ನತ್ತೆ, ಕಿರುಚೋದು ಜಾಸ್ತಿ. ನೂರು ಮೀಟರ್ ದೂರದಿಂದ ಓದಬಹುದು. ಓಡೋ ಗಾಡೀಲೂ ಓದಬಹುದು. ಆದ್ರೆ ಇದರಲ್ಲಿ ‘ದಯವಿಟ್ಟು’ ಅಂತ ಹಾಕಕ್ಕಾಗಲ್ಲ.”

“ಆ ಅಕ್ಷರ ಇಲ್ವಾ?”

“ಇದೆ. ಹೊಂದಲ್ಲ. ನೋಡಿ.” ಅವಳು ‘ದಯವಿಟ್ಟು’ ಎಂದು ಒತ್ತಿದಳು. ಪೊಲೀಸ್ ಠಾಣೆಯಿಂದ ಯಾರೋ ಕರೆದಂತಾಯಿತು. ಕೂಸಪ್ಪನವರು ತೆಗೆಯಿರಿ ಎಂದು ಕೈಸನ್ನೆ ಮಾಡಿದರು.

ಒಂದೊಂದಾಗಿ ಪದಗಳು ಹೋದವು. ಮಾನ್ಯರೇ ಹೋಯಿತು, ವಿಷಾದ ಹೋಯಿತು, ವಿಶ್ವಾಸವೂ ಹೋಯಿತು. ಕೊನೆಗೆ ಹಳದಿಯ ಮೇಲೆ ಕಪ್ಪಾಗಿ ಮೂರೇ ಪದ ಉಳಿದವು: ಮುಂದೆ ರಸ್ತೆ ಇಲ್ಲ. ಕೂಸಪ್ಪನವರ ಮನಸ್ಸಿನ ಸಮಾಧಾನಕ್ಕೆಂದು ಅಡಿಯಲ್ಲಿ ಸಣ್ಣದಾಗಿ ‘ಕೂಸಪ್ಪನವರ ಮನೆಗೆ ಖಾಸಗಿ ದಾರಿ’ ಎಂದು ಸೇರಿಸಿದಳು. ಬಸ್ಸಿನಲ್ಲಿ ಮನೆಗೆ ಬರುವಾಗ ಬೋರ್ಡನ್ನು ಅವರು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡಿದ್ದರು. ಎದುರು ಸೀಟಿನ ಹೆಂಗಸು ಅದನ್ನು ಓದಿ, ಎದ್ದು, ಬೇರೆ ಸೀಟಿಗೆ ಹೋದಳು.

ಬೋರ್ಡು ನೆಡಲು ಬೇಲಿ ಕೆಲಸದ ಗುಂಡನನ್ನು ಕರೆಸಿದರು. ಮನೆಯ ದಾರಿಯ ಬಾಯಲ್ಲಿ ಜಾಗ ತೋರಿಸಿ ಕೂಸಪ್ಪನವರು ಊಟಕ್ಕೆ ಹೋದರು. ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಬೋರ್ಡು ಎಡಕ್ಕೆ ತಿರುಗುವ ಸರ್ಕಾರಿ ರಸ್ತೆಯ ಬಾಯಲ್ಲಿ, ಎದೆಯೆತ್ತರ ನಿಂತಿತ್ತು.

“ಗುಂಡ, ನಾನು ತೋರಿಸಿದ್ದು ಆ ಕಡೆ.”

“ಆ ಕಡೆ ಬಂಡೆ ಸಾರ್, ಹಾರೆ ಇಳಿಯಲ್ಲ. ಈ ಕಡೆ ಮಣ್ಣು ಬೆಣ್ಣೆ ಇದ್ದಂಗೆ ಇದೆ. ಗಟ್ಟಿ ಇರ್ಲಿ ಅಂತ ಬೋರ್ಡಿನ ಅಡಿಭಾಗಾನೂ ಅರ್ಧ ಅಡಿ ಕಾಂಕ್ರೀಟಿಗೆ ಸೇರ್ಸಿದ್ದೀನಿ. ಆನೆ ಬಂದ್ರೂ ಅಲ್ಲಾಡಲ್ಲ.”

ಸಣ್ಣ ಅಕ್ಷರದ ಸಾಲು ಆ ಅರ್ಧ ಅಡಿಯಲ್ಲಿತ್ತು. “ಅದನ್ನ ಸ್ವಲ್ಪ ಬಲಕ್ಕೆ...” ಎಂದರು ಕೂಸಪ್ಪನವರು. ಗುಂಡ ಆಗಲೇ ಸ್ಕೂಟರ್ ಸ್ಟಾರ್ಟ್ ಮಾಡಿದ್ದ.

ಮಾರನೆಯ ಬೆಳಿಗ್ಗೆ ಏಳು ನಲವತ್ತರ ಬಸ್ಸು ತಿರುವಿಗೆ ಬಂದು ನಿಂತಿತು. ಡ್ರೈವರ್ ನಂದೀಶ ಹದಿನಾಲ್ಕು ವರ್ಷದಿಂದ ಅದೇ ರೂಟಿನಲ್ಲಿದ್ದವನು. ಹರಗದ್ದೆಯ ಗುಂಡಿಗಳನ್ನು ಹೆಸರಿಟ್ಟು ಕರೆಯಬಲ್ಲವನು. ಅವನು ಬೋರ್ಡನ್ನು ಎರಡು ಸಲ ಓದಿದ. ಮುಖದಲ್ಲಿ ನಿಧಾನಕ್ಕೆ ಒಂದು ಸಂತೋಷ ಹರಡಿತು.

“ಮುಂದೆ ರಸ್ತೆ ಇಲ್ಲ” ಎಂದ ಪ್ರಯಾಣಿಕರ ಕಡೆ ತಿರುಗಿ. “ಎಲ್ಲಾ ಇಳೀರಿ.”

“ನಿನ್ನೆ ಇತ್ತಲ್ಲ ಮಾರಾಯ?” ಎಂದರು ಹರಗದ್ದೆಯ ಒಬ್ಬರು.

“ನಿನ್ನೆ ಬೋರ್ಡ್ ಇರ್ಲಿಲ್ಲ.”

ಎಲ್ಲರೂ ಚೀಲ ಎತ್ತಿಕೊಂಡು ಇಳಿದರು. ಹಲ್ಲುಜ್ಜುತ್ತ ನಿಂತಿದ್ದ ಕೂಸಪ್ಪನವರು ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಓಡಿ ಬಂದರು. “ಅದು ನಮ್ಮನೇದು, ನಮ್ಮನೆ ಬೋರ್ಡು” ಎಂದರು. ಇಂಜಿನ್ನಿನ ಸದ್ದಿನಲ್ಲಿ ನಂದೀಶನಿಗೆ ‘ಬೋರ್ಡು’ ಎಂಬುದಷ್ಟೇ ಕೇಳಿಸಿತು. “ಹೌದು ಸಾರ್, ಬೋರ್ಡು. ನಾವೆಂತ ಮಾಡದು, ಗವರ್ಮೆಂಟ್ ಆರ್ಡರು” ಎಂದು ಬಸ್ಸನ್ನು ಹಿಂದಕ್ಕೆ ತಿರುಗಿಸಿದ.

ಬಸ್ಸಿನ ಹಿಂದೆ ಹಾಲಿನ ವ್ಯಾನು, ಹಾಲಿನ ವ್ಯಾನಿನ ಹಿಂದೆ ಗ್ಯಾಸ್ ಸಿಲಿಂಡರಿನ ಜೀಪು. ಎಲ್ಲರೂ ಓದಿದರು, ತಲೆ ಅಲ್ಲಾಡಿಸಿದರು, ತಿರುಗಿ ಹೋದರು. ಫಾಲ್ಸ್ ಹುಡುಕಿ ಬಂದ ಕಾರುಗಳೂ ಅಂಗಳದ ತನಕ ಬಾರದೆ ತಿರುವಿನಿಂದಲೇ ಹಿಂದಿರುಗಿದವು. ಬೇರೆ ದಿಕ್ಕಿನಿಂದ ಸುತ್ತಿಕೊಂಡು ಹರಗದ್ದೆಗೆ ಹೋದರೆ ಹದಿನಾಲ್ಕು ಕಿಲೋಮೀಟರು. ಎರಡು ದಿನದಲ್ಲಿ ಎಲ್ಲರಿಗೂ ಅದೇ ರೂಢಿಯಾಯಿತು. ಹರಗದ್ದೆಯಲ್ಲೇ ಹುಟ್ಟಿ, ಆ ರಸ್ತೆಯಲ್ಲೇ ನಡೆದು ಶಾಲೆ ಕಲಿತವರು ಕೂಡ ತಮ್ಮ ಜೀಪುಗಳನ್ನು ತಿರುವಿನಲ್ಲಿ ನಿಲ್ಲಿಸಿ, ಎದುರಿಗೇ ಕಾಣುತ್ತಿದ್ದ ರಸ್ತೆಯನ್ನು ಅನುಮಾನದಿಂದ ನೋಡಿ, ಹಿಂದಿರುಗಿದರು. ರಸ್ತೆಯ ಅಡಿಯಲ್ಲಿ ಭೂಮಿ ಬಿರುಕು ಬಿಟ್ಟಿದೆಯಂತೆ ಎಂದು ಒಬ್ಬರು ಹೇಳಿದರು. ದೆಹಲಿಯಿಂದ ಬಂದ ವಿಜ್ಞಾನಿಗಳು ಕಿವಿಗೆ ಕೊಳವೆ ಇಟ್ಟು ಕೇಳಿದರಂತೆ, ಒಳಗೆ ನೀರು ಹರಿಯುವ ಸದ್ದು ಬಂತಂತೆ ಎಂದು ಇನ್ನೊಬ್ಬರು ವಿವರ ಸೇರಿಸಿದರು. ಗುಡ್ಡ ಜರಿದದ್ದನ್ನು ಕಣ್ಣಾರೆ ಕಂಡ ಜಿಲ್ಲೆಯಲ್ಲಿ ಇಂಥ ಮಾತಿಗೆ ಯಾರೂ ನಗುವುದಿಲ್ಲ.

“ಮೊದ್ಲು ಅದನ್ನ ಕೀಳ್ರಿ” ಎಂದರು ಮುತ್ತಿ.

“ಕೀಳ್ತೀನಿ, ಕೀಳ್ತೀನಿ. ಗುಂಡ ಬರ್ಲಿ.”

ಗುಂಡನಿಗೆ ಫೋನು ಮಾಡಿರಲಿಲ್ಲ. ಸಂಜೆ ಹೊತ್ತು ಕೈ ಹಿಂದೆ ಕಟ್ಟಿಕೊಂಡು ತಿರುವಿನ ತನಕ ಹೋಗಿ ಬರುವುದು ಅವರಿಗೆ ಅಭ್ಯಾಸವಾಗಿತ್ತು. ಒಂದೊಂದು ವಾಹನ ಬಂದು, ಮಣಿದು, ಹಿಂದಿರುಗುವುದನ್ನು ನೋಡುತ್ತ ನಿಲ್ಲುತ್ತಿದ್ದರು. ಮೂವತ್ತೊಂದು ವರ್ಷ ಬರೆದದ್ದರಲ್ಲಿ ಒಂದು ಅಕ್ಷರಕ್ಕೂ ಯಾರೂ ಹೀಗೆ ಬ್ರೇಕು ಒತ್ತಿರಲಿಲ್ಲ.

ಸೋಮವಾರ ಸಂತೆಯ ದಿನ ಮಧ್ಯಾಹ್ನ ಅವರ ಅಕ್ಕ ಕಾಳಮ್ಮ ಬಂದರು. ಹರಗದ್ದೆಗೆ ಮದುವೆಯಾಗಿ ಹೋದವರು. ವಾರವಾರ ಸಂತೆಗೆ ಮೊಟ್ಟೆ, ಕೆಸುವಿನ ಸೊಪ್ಪು ಒಯ್ಯುತ್ತಿದ್ದವರು. ಮಂಡಿನೋವಿನ ಕಾಲಿನಲ್ಲಿ ನಾಲ್ಕು ಕಿಲೋಮೀಟರು ನಡೆದು, ಸಂತೆಯ ಬಸ್ಸೂ ತಪ್ಪಿ, ತಮ್ಮನ ಜಗಲಿಯಲ್ಲಿ ಕುಳಿತು ಬುಟ್ಟಿ ಇಳಿಸಿದರು.

“ಆ ಬೋರ್ಡ್ ಹಾಕಿದವನ ಕಾಲು ಸೇದಿ ಹೋಗ!” ಎಂದರು ಕಾಳಮ್ಮ. “ಅವನಿಗೆ ಬಸ್ಸೇ ಸಿಗದಿರ್ಲಿ. ಅವನ ಹೆಂಡ್ತಿ...”

“ಅತ್ತಿಗೆ, ಹೆಂಡ್ತಿನ ಬಿಟ್ಬಿಡಿ, ಅವಳೇನು ಮಾಡಿದ್ಲು ಪಾಪ” ಎಂದು ಮುತ್ತಿ ಮಜ್ಜಿಗೆ ತಂದುಕೊಟ್ಟರು. ಕೂಸಪ್ಪನವರು ಅಕ್ಕನ ಮಂಡಿಗೆ ಎಣ್ಣೆ ಹಚ್ಚಿದರು. ಶಾಪ ಮುಗಿಯಲು ಎರಡು ಲೋಟ ಮಜ್ಜಿಗೆ ಹಿಡಿಯಿತು. ಎಣ್ಣೆಯ ಬಟ್ಟಲು ಕೆಳಗಿಟ್ಟ ಕೂಡಲೇ ಅವರು ಹಾರೆ ತೆಗೆದುಕೊಂಡು ತಿರುವಿಗೆ ನಡೆದರು.

ಬುಡಕ್ಕೆ ಎರಡು ಏಟು ಬಿದ್ದಿರಬೇಕು. “ಏಯ್! ಯಾರದು ಸರ್ಕಾರಿ ಸ್ವತ್ತು ಮುಟ್ಟಿದ್ದು?” ಎಂಬ ಗರ್ಜನೆ ಕೇಳಿಸಿತು. ಪಂಚಾಯ್ತಿ ಸದಸ್ಯ ದೇರಪ್ಪ. ಆಚೆ ಗುಡ್ಡದ ಮೇಲೆ ಅವರ ಮನೆ. ಅವರು ಅಲ್ಲಿ ಹೆಂಡತಿಯನ್ನು ಕಾಫಿ ಕೇಳಿದರೆ ಈಚೆ ನಾಲ್ಕು ಮನೆಯಲ್ಲಿ ಒಲೆಯ ಮೇಲೆ ನೀರು ಇಡುತ್ತಿದ್ದರು.

“ದೇರಪ್ಪನವರೇ, ಇದು ಸರ್ಕಾರದ್ದಲ್ಲ...”

“ಅಲ್ಲ ಅಂದ್ರೆ? ನಾನು ಮೂರು ವರ್ಷ ಓಡಾಡಿ ಹಾಕ್ಸಿದ ಬೋರ್ಡು!”

“ನೀವಾ?”

“ಮತ್ಯಾರು? ನೀನಾ?” ಎಂದು ದೇರಪ್ಪ ಬೋರ್ಡಿನ ಮೇಲೆ ಕೈ ಬಡಿದು ನಕ್ಕರು. “ನೋಡಯ್ಯ ಅಕ್ಷರನ. ಗುಂಡಿಗೆ ಇರೋ ಸರ್ಕಾರಕ್ಕೆ ಮಾತ್ರ ಹಿಂಗೆ ಬರಿಯಕ್ಕಾಗದು.”

ಕೂಸಪ್ಪನವರೂ ಸ್ವಲ್ಪ ನಕ್ಕರು. ಹಾರೆಯನ್ನು ದೇರಪ್ಪನವರೇ ಹೊತ್ತುಕೊಂಡು ಹೋದರು.

ದೇರಪ್ಪನವರಿಗೆ ಬೋರ್ಡು ಹಾಕಿಸಿದ ಕೀರ್ತಿ ಬಂದ ಮೇಲೆ ಹರಗದ್ದೆಯವರ ಬೈಗುಳವೂ ಅವರಿಗೇ ಬಂತು. ಅದರಿಂದ ತಪ್ಪಿಸಿಕೊಳ್ಳಲು ಅವರು ಪಂಚಾಯ್ತಿಗೆ ಅರ್ಜಿ ಕೊಟ್ಟರು: ಮುಚ್ಚಿದ ರಸ್ತೆಯನ್ನು ಕೂಡಲೇ ತೆರೆಯಬೇಕು. ಪಂಚಾಯ್ತಿಯ ಅಧಿಕಾರಿ ರಂಜಿತಾ ಮೇಡಂ ಅರ್ಜಿಯನ್ನು ರಸ್ತೆಯ ಎಂಜಿನಿಯರಿಗೆ ಕಳಿಸಿದರು. ಎಂಜಿನಿಯರ್ ಲೋಹಿತ್ ಹೊಸದಾಗಿ ಬಂದವನು. ಫೈಲುಗಳಲ್ಲಿ ಎಷ್ಟು ಹುಡುಕಿದರೂ ರಸ್ತೆ ಮುಚ್ಚಿದ ಆದೇಶ ಸಿಗಲಿಲ್ಲ. ತನಗಿಂತ ಹಿಂದಿನವರು ಎಲ್ಲೋ ಇಟ್ಟಿರಬೇಕು, ಕೇಳಿದರೆ ತನ್ನದೇ ತಪ್ಪಾದೀತು ಎಂದು ಅವನು ಜೀಪು ಹತ್ತಿ ಸ್ಥಳ ಪರಿಶೀಲನೆಗೆ ಬಂದ. ಬೋರ್ಡನ್ನು ಬೆರಳಿನಿಂದ ತಟ್ಟಿ ನೋಡಿದ.

“ಕಾಂಕ್ರೀಟ್ ನೋಡಿದ್ರೆ ನಮ್ಮದಲ್ಲ ಸರ್, ತುಂಬಾ ಗಟ್ಟಿ ಇದೆ” ಎಂದ ಜೊತೆಗೆ ಬಂದಿದ್ದ ಸಹಾಯಕ.

“ಅಕ್ಷರ ನೋಡಿದ್ರೆ ನಮ್ಮದೇ” ಎಂದ ಲೋಹಿತ್.

ಆ ವಾರದ ಕೊನೆಗೆ ಪಂಚಾಯ್ತಿಗೆ ಉತ್ತರ ಬಂತು: ‘ಸದರಿ ರಸ್ತೆಯು ತಾಂತ್ರಿಕ ಕಾರಣಗಳಿಂದ ಇರುವುದಿಲ್ಲ. ವಿಷಯವು ಪರಿಶೀಲನೆಯಲ್ಲಿದೆ.’

ಈ ಪತ್ರದ ಮೇಲೆ ಗ್ರಾಮಸಭೆ ಸೇರಿತು. ಕೂಸಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಶೋಭಿತಾಳ ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡು, ಎಲ್ಲವನ್ನೂ ಒಪ್ಪಿಕೊಳ್ಳುವುದೆಂದು ನಿಶ್ಚಯಿಸಿ ಹೋದರು. ಮೊದಲನೆಯ ಸಾಲಿನಲ್ಲಿ ಕುಳಿತರು. ಹರಗದ್ದೆಯವರು ಎದ್ದು ನಿಂತು, ಹನ್ನೆರಡು ವರ್ಷದಿಂದ ಗುಂಡಿ ಮುಚ್ಚಿಸಿ ಎಂದು ಬೇಡುತ್ತಿದ್ದೇವೆ, ಈಗ ರಸ್ತೆಯನ್ನೇ ತೆಗೆದಿರಿ ಎಂದು ಕೂಗಾಡಿದರು.

ಲೋಹಿತ್ ಗಂಟಲು ಸರಿ ಮಾಡಿಕೊಂಡು ಹೇಳಿದ: “ನೋಡಿ, ರಸ್ತೆ ಇದ್ದಿದ್ರೆ ಗುಂಡಿ ಮುಚ್ಚೋ ಪ್ರಶ್ನೆ ಬರ್ತಿತ್ತು. ಅದಕ್ಕೆ ಅನುದಾನ ಇಲ್ಲ. ರಸ್ತೆನೇ ಇಲ್ಲ ಅಂದ್ಮೇಲೆ ಹೊಸ ರಸ್ತೆ ಮಾಡ್ಬೇಕಾಗತ್ತೆ. ಅದಕ್ಕೆ ಅನುದಾನ ಇದೆ.”

ಸಭೆ ಒಂದು ಕ್ಷಣ ಸುಮ್ಮನಾಯಿತು. ಇಷ್ಟು ವರ್ಷ ತಾವು ಅರ್ಜಿಯನ್ನೇ ತಪ್ಪಾಗಿ ಬರೆಯುತ್ತಿದ್ದೆವು ಎಂಬುದು ಹರಗದ್ದೆಯವರಿಗೆ ಹೊಳೆದ ಹಾಗಿತ್ತು. ಆ ಮೌನವೇ ಸಮಯವೆಂದು ಕೂಸಪ್ಪನವರು ಕೈ ಎತ್ತಿ ನಿಂತರು.

“ನಾನೊಂದು ಮಾತು ಹೇಳ್ಬೇಕು. ಆ ಬೋರ್ಡು...”

“ಜೋರಾಗಿ!” ಎಂದರು ಹಿಂದಿನವರು.

“ಆ ಬೋರ್ಡಿಗೆ ನಾನೇ...”

“ಅನುಮೋದನೆ!” ಎಂದು ದೇರಪ್ಪ ಗುಡುಗಿದರು. “ನಾನು ಸೂಚಿಸ್ತೀನಿ, ನಮ್ಮ ಕೂಸಪ್ಪ ಅನುಮೋದಿಸ್ತಾನೆ. ಮುಂದೆ ರಸ್ತೆ ಇಲ್ಲ, ಆದ್ದರಿಂದ ಹೊಸ ರಸ್ತೆ ಆಗ್ಬೇಕು. ಬರ್ಕೊಳ್ಳಿ ಮೇಡಂ.” ಎಲ್ಲರೂ ಚಪ್ಪಾಳೆ ತಟ್ಟಿದರು. ರಂಜಿತಾ ಮೇಡಂ ಬರೆದುಕೊಂಡರು. ಕೂಸಪ್ಪನವರು ಸಹಿ ಹಾಕಬೇಕಾಯಿತು. ದುಂಡಗಿನ, ಅಚ್ಚುಕಟ್ಟಾದ ಸಹಿ.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಕಡತದ ವಿಷಯವಾಗಿ ಉಳಿಯುತ್ತಿತ್ತು. ಮುಂದಿನ ಗುರುವಾರ ಮಧ್ಯಾಹ್ನ ಕೂಸಪ್ಪನವರು ಕಣದಲ್ಲಿ ಕಾಫಿ ಕೈಯಾಡಿಸುತ್ತಿದ್ದಾಗ ಆಂಬುಲೆನ್ಸಿನ ಸೈರನ್ ಕೇಳಿಸಿತು. ಹತ್ತಿರ ಬಂತು, ತಿರುವಿನಲ್ಲಿ ನಿಂತಿತು. ಸೈರನ್ ಮಾತ್ರ ಕೂಗುತ್ತಲೇ ಇತ್ತು. ಹರಗದ್ದೆಯ ಲೈನ್ ಮನೆಗಳಲ್ಲಿ, ಅಂದರೆ ತೋಟದ ಆಳುಗಳ ಸಾಲುಮನೆಗಳಲ್ಲಿ ಇರುವ ಚೋಮಿ ಎಂಬ ಹೆಂಗಸಿಗೆ ಬೆಳಿಗ್ಗೆಯಿಂದ ಹೆರಿಗೆನೋವು ಎಂದು ಕಾಳಮ್ಮ ಫೋನಿನಲ್ಲಿ ಹೇಳಿದ್ದರು.

ಕೂಸಪ್ಪನವರು ಕಾಫಿ ಎಳೆಯುವ ಹಲಗೆಯನ್ನು ಹಿಡಿದುಕೊಂಡೇ ಓಡಿದರು. ಡ್ರೈವರ್ ಹೊಸಬ, ಕುಶಾಲನಗರದ ಕಡೆಯವನು. ಬೋರ್ಡು ಓದಿ, ಸುತ್ತು ದಾರಿಯಲ್ಲಿ ಹೋಗಲು ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದ. ಗಾಜು ಮುಚ್ಚಿತ್ತು.

“ರಸ್ತೆ ಇದೆ” ಎಂದರು ಕೂಸಪ್ಪನವರು. ಡ್ರೈವರ್ ಕಿವಿ ತೋರಿಸಿ ಕೈ ಆಡಿಸಿದ.

“ರಸ್ತೆ ಇದೆಯಪ್ಪ” ಎಂದರು. ಆಂಬುಲೆನ್ಸು ಹಿಂದಕ್ಕೆ ಸರಿಯುತ್ತಲೇ ಇತ್ತು. ಅವರು ಅದರ ಹಿಂಬದಿಗೆ ಓಡಿ, ಹಲಗೆಯನ್ನು ಅಡ್ಡ ಹಿಡಿದು, ಬಾಯಿ ತೆರೆದರು.

“ರಸ್ತೆ ಇದೆ! ಬೋರ್ಡು ಸುಳ್ಳು! ಅದನ್ನ ಬರ್ಸಿದ್ದೇ ನಾನು! ನಡೀ ಮುಂದೆ!”

ಆ ಕೂಗಿಗೆ ಕಿತ್ತಳೆ ಮರದಲ್ಲಿದ್ದ ಹಕ್ಕಿಗಳು ಎದ್ದು ಹಾರಿದವು. ಆಚೆ ಗುಡ್ಡದಲ್ಲಿ ದೇರಪ್ಪನವರು ಊಟದ ತಟ್ಟೆ ಬಿಟ್ಟು ಎದ್ದು ಬಂದು ಅಂಗಳದ ತುದಿಯಲ್ಲಿ ನಿಂತರು. ಮುತ್ತಿಯವರು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು, “ಯಾರ್ರೀ ಅದು ಕೂಗಿದ್ದು?” ಎಂದರು.

“ನಾನೇ” ಎಂದರು ಕೂಸಪ್ಪನವರು.

“ಯಾರು?” ಎಂದರು ಮುತ್ತಿ.

ಡ್ರೈವರಿಗೆ ಇನ್ನೂ ಅನುಮಾನ. “ಸಾರ್, ಸರ್ಕಾರಿ ಬೋರ್ಡಲ್ಲಿ ಹಾಕಿದ್ದಾರೆ. ಗಾಡಿ ಒಳಗೆ ಬಿದ್ರೆ ನನ್ನ ಕೆಲಸ ಹೋಗತ್ತೆ.” ಕೂಸಪ್ಪನವರು ಮುಂದಿನ ಬಾಗಿಲು ತೆಗೆದು, ಹಲಗೆ ಸಮೇತ ಹತ್ತಿ ಕುಳಿತರು. “ಬಿದ್ರೆ ಮೊದ್ಲು ನಾನು ಬೀಳ್ತೀನಿ. ನಡಿ.”

ನಾಲ್ಕು ಕಿಲೋಮೀಟರನ್ನು ಹದಿನೇಳು ನಿಮಿಷದಲ್ಲಿ ಹೋದರು. ಚೋಮಿಯನ್ನು ಮಲಗಿಸಿಕೊಂಡು ಹಿಂದಿರುಗುವಾಗ, ಹಳೆಯ ಮೋರಿಯ ಹತ್ತಿರದ ದೊಡ್ಡ ಗುಂಡಿಯಲ್ಲಿ ಗಾಡಿ ಇಳಿದು ಎದ್ದಿತು. ಒಳಗಿನಿಂದ ಮಗುವಿನ ಅಳು ಕೇಳಿಸಿತು. ಹೆಣ್ಣು ಮಗು. ನರ್ಸು ಬೆವರು ಒರೆಸಿಕೊಳ್ಳುತ್ತ ಕಿಂಡಿಯಿಂದ ಇಣುಕಿ, ಇಬ್ಬರೂ ಚೆನ್ನಾಗಿದ್ದಾರೆ, ಇನ್ನು ಸ್ವಲ್ಪ ನಿಧಾನಕ್ಕೆ ಹೋಗಿ ಎಂದಳು. ಕೂಸಪ್ಪನವರು ಹಲಗೆಯನ್ನು ಎದೆಗೆ ಅವುಚಿಕೊಂಡು ಕುಳಿತಿದ್ದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ರಸ್ತೆಯ ಧೂಳಿಗೂ ಹಾಗಾಗುತ್ತದೆ.

ಆ ದಿನದಿಂದ ಅವರು ಸಿಕ್ಕವರಿಗೆಲ್ಲ ನಿಜ ಹೇಳತೊಡಗಿದರು. ಹರಗದ್ದೆಗೆ ನಡೆದು ಹೋಗಿ ಚೋಮಿಯ ಗಂಡನ ಎದುರು ತಪ್ಪು ಒಪ್ಪಿಕೊಂಡರು. ಅವನು ಅವರ ಕಾಲಿಗೆ ಬಿದ್ದ. “ಇಷ್ಟು ದೊಡ್ಡ ಸಹಾಯ ಮಾಡಿ, ತಪ್ಪು ಬೇರೆ ಮೈಮೇಲೆ ಹಾಕ್ಕೊಳ್ತೀರಲ್ಲ ಸಾರ್!” ಅಕ್ಕ ಕಾಳಮ್ಮನಿಗೆ ಹೇಳಿದರು. ಅವರು ತಮ್ಮನ ಹಣೆ ಮುಟ್ಟಿ ನೋಡಿ, ಮುತ್ತಿಗೆ ಕಷಾಯ ಕಾಸಲು ಹೇಳಿದರು. ನಂದೀಶನಿಗೆ ರಸೀದಿಯನ್ನೇ ತೋರಿಸಿದರು. ಅವನು ನೋಡಿ, “ಓಹೋ, ಸರ್ಕಾರದವರು ಈಗ ನಿಮ್ಮ ಹೆಸರಲ್ಲಿ ಬಿಲ್ ಮಾಡ್ತಿದ್ದಾರಾ? ಹುಷಾರು ಸಾರ್” ಎಂದ. ಆಂಬುಲೆನ್ಸು ಹೇಗೆ ಹೋಯಿತು ಎಂಬುದಕ್ಕೆ ಎಲ್ಲರ ಬಳಿಯೂ ಉತ್ತರವಿತ್ತು: ಅದಕ್ಕೆ ಸ್ಪೆಷಲ್ ಪರ್ಮಿಷನ್ ಇರುತ್ತದೆ.

ಮುಂದಿನ ವಾರ ರಂಜಿತಾ ಮೇಡಂ ಮತ್ತು ಲೋಹಿತ್ ಇಬ್ಬರೂ ಮನೆಗೇ ಬಂದರು. ಕಾಫಿ ಕುಡಿಯುವ ತನಕ ಮಳೆ, ಮೆಣಸು ಎಂದು ಮಾತಾಡಿದರು. ಲೋಟ ಕೆಳಗಿಟ್ಟ ಮೇಲೆ ಲೋಹಿತ್ ದನಿ ತಗ್ಗಿಸಿದ.

“ಸರ್, ಹೊಸ ರಸ್ತೆಗೆ ಮಂಜೂರಾತಿ ಬಂದಿದೆ.”

“ಸಂತೋಷ” ಎಂದರು ಕೂಸಪ್ಪನವರು. “ಆದ್ರೆ ಆ ಬೋರ್ಡು ನಂದು.”

ಇಬ್ಬರೂ ಮುಖ ಮುಖ ನೋಡಿಕೊಂಡರು. “ನಾವೂ ಹಂಗೆ ಕೇಳಿದ್ವಿ” ಎಂದರು ರಂಜಿತಾ ಮೇಡಂ. “ಬೋರ್ಡು ನಿಮ್ಮದಾದ್ರೆ ರಸ್ತೆ ಮುಚ್ಚೇ ಇರ್ಲಿಲ್ಲ ಅಂತಾಗತ್ತೆ. ಮುಚ್ಚಿರ್ಲಿಲ್ಲ ಅಂದ್ರೆ ರಸ್ತೆ ಇದೆ. ಇದ್ರೆ ಮಂಜೂರಾತಿ ವಾಪಸ್ ಹೋಗತ್ತೆ. ಮತ್ತೆ ಗುಂಡಿಗೆ ಎರಡು ಬುಟ್ಟಿ ಮಣ್ಣು, ಅಷ್ಟೇ. ನೀವು ಇದನ್ನ ಯಾರಿಗಾದ್ರೂ ಹೇಳಿದ್ದೀರಾ?”

“ಎಲ್ಲರಿಗೂ ಹೇಳಿದ್ದೀನಿ.”

“ಯಾರಾದ್ರೂ ನಂಬಿದ್ರಾ?”

“ಇಲ್ಲ.”

“ಹಂಗಾದ್ರೆ ತೊಂದ್ರೆ ಇಲ್ಲ” ಎಂದು ಲೋಹಿತ್ ಮೊದಲ ಬಾರಿಗೆ ಕುರ್ಚಿಗೆ ಒರಗಿ ಕುಳಿತ. ಮುತ್ತಿಯವರು ಇನ್ನೊಂದು ಸುತ್ತು ಕಾಫಿ ತಂದರು.

ಮಳೆಗಾಲಕ್ಕೆ ಮುಂಚೆ ಕೆಲಸ ಮುಗಿಯಿತು. ಜೆಸಿಬಿ ಬಂದು ಬೋರ್ಡನ್ನು ಬೇರುಸಮೇತ ಎಬ್ಬಿಸಿತು. ತಿರುವು ಅಗಲವಾಯಿತು; ಕನ್ನಡಿಯಂಥ ಕಪ್ಪು ರಸ್ತೆ ಕಂಡ ಕಾರುಗಳು ತಾವಾಗಿಯೇ ಎಡಕ್ಕೆ ತಿರುಗಿ ಹೋದವು. ಉದ್ಘಾಟನೆಯಲ್ಲಿ ದೇರಪ್ಪನವರು ಮೈಕ್ ಬೇಡವೆಂದು ಮುಕ್ಕಾಲು ಗಂಟೆ ಮಾತಾಡಿದರು. ಮುಂದಿನ ಸೋಮವಾರ ಕಾಳಮ್ಮ ಬಸ್ಸಿನ ಕಿಟಕಿಯಿಂದಲೇ ತಮ್ಮನಿಗೆ ಮೊಟ್ಟೆಯ ಬುಟ್ಟಿ ತೋರಿಸಿಕೊಂಡು ಹೋದರು.

ಜೂನ್ ತಿಂಗಳ ಒಂದು ಮಧ್ಯಾಹ್ನ, ಜಿಲ್ಲೆಯ ಇನ್ನೊಂದು ತುದಿಯ ಕುಟ್ಟದ ಕಡೆಯಿಂದ ಮೂವರು ಬಂದು ಕೂಸಪ್ಪನವರ ಜಗಲಿಯಲ್ಲಿ ಕುಳಿತರು. ಎರಡು ಬಸ್ಸು ಬದಲಾಯಿಸಿ ಬಂದವರು. ಒಬ್ಬರ ಕೈಯಲ್ಲಿ ಹಳೆಯ ಅರ್ಜಿಗಳ ಕಟ್ಟಿತ್ತು.

“ಸೋಮವಾರಪೇಟೆ ಫ್ಲೆಕ್ಸ್ ಅಂಗಡಿ ಹುಡುಗಿ ನಿಮ್ಮ ಹೆಸರು ಹೇಳಿದ್ಲು” ಎಂದರು ಹಿರಿಯರು. “ಆ ಬೋರ್ಡು ಬರ್ಸಿದ್ದು ನೀವೇ ಅಂತೆ.”

ನಂಬಿದವರು ಇವರೇ ಮೊದಲಿಗರು. ಕೂಸಪ್ಪನವರು ಅವರಿಗೆ ಬೆಲ್ಲದ ಕಾಫಿ ತರಿಸಿದರು.

“ನಮ್ಮೂರಿಗೂ ಒಂದು ಬರ್ಕೊಡ್ಬೇಕು. ಸೇತುವೆ ಇಲ್ಲ ಅಂತ. ಅದೇ ಅಕ್ಷರದಲ್ಲಿ. ಇಪ್ಪತ್ತು ವರ್ಷ ಆಯ್ತು ಕೇಳಿ ಕೇಳಿ.”

“ಸೇತುವೆ ಇದ್ಯಾ?” ಎಂದು ಕೇಳಿದರು ಕೂಸಪ್ಪನವರು.

“ಇಲ್ಲ.”

“ಹಾಗಾದ್ರೆ ಆಗಲ್ಲ.”

“ಹಾಗಾದ್ರೆ ಆಸ್ಪತ್ರೆ ಇಲ್ಲ ಅಂತ ಹಾಕ್ಸೋಣ” ಎಂದರು ಎರಡನೆಯವರು.

“ಅದು ಇದ್ಯಾ?”

“ಅದೂ ಇಲ್ಲ.”

ಕೂಸಪ್ಪನವರು ತಲೆ ಅಲ್ಲಾಡಿಸಿದರು. “ಇಲ್ಲದ್ದನ್ನ ಇಲ್ಲ ಅಂತ ಎಷ್ಟು ದಪ್ಪ ಬರ್ದ್ರೂ ಪ್ರಯೋಜನ ಇಲ್ಲ. ನಂದು ಕೆಲಸ ಮಾಡಿದ್ದು ರಸ್ತೆ ಇತ್ತಲ್ಲ, ಅದಕ್ಕೆ. ಏನಾದ್ರೂ ಒಂದು ಇರ್ಬೇಕು. ನಿಮ್ಮೂರಲ್ಲಿ ಏನಿದೆ, ನೆನಪು ಮಾಡ್ಕೊಳ್ಳಿ.”

ಮೂ‍ವರೂ ಯೋಚಿಸಿದರು. ಒಬ್ಬರು ಕಣ್ಣು ಮುಚ್ಚಿ ಬೆರಳು ಮಡಿಸಿದರು, ಮತ್ತೆ ಬಿಚ್ಚಿದರು. ಹಿರಿಯರು ಏನೋ ಹೇಳಲು ಬಾಯಿ ತೆರೆದು, ಅದೂ ಹೋದ ಮಳೆಗಾಲದಲ್ಲಿ ಬಿದ್ದುಹೋಯಿತು ಎಂದು ನೆನಪಾಗಿ ಸುಮ್ಮನಾದರು. ಮುತ್ತಿಯವರು ಲೋಟಗಳನ್ನು ತೆಗೆದುಕೊಂಡು ಹೋದರು. ಹೊರಗೆ ಸಣ್ಣಗೆ ಮಳೆ ಹಿಡಿಯಿತು. ನಾಲ್ಕೂವರೆಗೆ ಹರಗದ್ದೆಯ ಕಡೆಯಿಂದ ಬಸ್ಸು ಬಂದು ತಿರುವಿನಲ್ಲಿ ಹಾರ್ನ್ ಮಾಡಿತು. ಮೂವರೂ ಎದ್ದು, ಅರ್ಜಿಯ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಊರಿಗೆ ಹೋಗಿ ಎಲ್ಲರನ್ನೂ ವಿಚಾರಿಸಿ ತಿಳಿಸುತ್ತೇವೆ ಎಂದು ಹೇಳಿ ಹೋದರು.